ಸೂಜಿಯೋ ಹರಳೆಣ್ಣೆಯೋ

ಕಾಮಗೆರೆ ಕಡೆಯ ಆ ಊರಿಗೆ ೧೯೬೮ರಲ್ಲಿ ನಾಯಿಕೆಮ್ಮಿನ ಸೂಜಿ ಹಾಕಲು ಬಂದ ನರ್ಸು ಶಿವರತ್ನಮ್ಮನಿಗೆ ಒಳ್ಳೆಯ ಹೆಸರಿತ್ತು. ಮೊದಲ ಸೂಜಿ ಹಾಕಿದ ಒಂದೇ ವಾರದಲ್ಲಿ ಅದು ಕೆಟ್ಟಿತು. ಸೂಜಿ ಹಾಕಿಸಿಕೊಂಡ ಮಕ್ಕಳಿಗೆಲ್ಲ ಭೇದಿಯಂತೆ! ತಿಂಗಳು ತುಂಬುವ ಸೋಮವಾರ ಎರಡನೇ ಸೂಜಿ. ಊರ ಯಜಮಾನ ಗುರುಮಲ್ಲಪ್ಪ ಬೇಡವೆಂದರೆ ಒಂದು ಮಗುವೂ ಬಾರದು. ಅತ್ತ ಮಾರ್ಟಳ್ಳಿಯಲ್ಲಿ ಆಗಲೇ ನಾಯಿಕೆಮ್ಮು ಶುರುವಾಗಿತ್ತು.

ಶಿವರತ್ನಮ್ಮ ಮನೆಮನೆಗೆ ಹೋಗಿ ಕೇಳಿದಳು. ಸೂಜಿ ಬಿದ್ದ ಇಪ್ಪತ್ತು ಮಕ್ಕಳಲ್ಲಿ ಹದಿನಾಲ್ಕಕ್ಕೆ ಭೇದಿ. ಮಕ್ಕಳಿಗೆ ಭೇದಿ ಹೇಗೂ ಆಗುತ್ತಿರುತ್ತದೆ, ಸೂಜಿ ಇಲ್ಲದವರನ್ನೂ ಕೇಳಿದರೆ ಊರಿನ ಬಾಯಿ ಮುಚ್ಚೀತು ಎಂದುಕೊಂಡಳು. ಕೇಳಿದರೆ, ಇಪ್ಪತ್ತಕ್ಕೆ ಮೂರೇ! ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಆದರೂ ಮುಚ್ಚಿಡದೆ ಗುರುಮಲ್ಲಪ್ಪನ ಜಗಲಿಗೆ ಹೋಗಿ ಎರಡೂ ಲೆಕ್ಕ ಹೇಳಿದಳು.

"ನೀವೇ ಒಪ್ಕಂಡ್ರಲ್ಲ, ಇನ್ನೇನೈತೆ?" ಎಂದ ಯಜಮಾನ.

ಬೇಜಾರಿನಲ್ಲೇ ಹೊರಟವಳನ್ನು ಪಕ್ಕದ ಮನೆಯ ಅಜ್ಜಿ ಸೋಮಮ್ಮ ಕರೆದು ಮಜ್ಜಿಗೆ ಕೊಟ್ಟಳು. "ಸೂಜಿ ಬಲೇ ಉಷ್ಣ ಕಣವ್ವ. ಅದ್ಕೇ ಅವತ್ತೇ ನಮ್ ಕೂಸ್ಗೆ ಅಳ್ಳೆಣ್ಣೆ ಕುಡಿಸ್ಬುಟ್ಟೆ. ಒಟ್ಟೆ ತೊಳದಂಗಾಯ್ತು" ಎಂದಳು ಹೆಮ್ಮೆಯಿಂದ.

ಲೋಟ ಅಲ್ಲೇ ಇಟ್ಟು ಶಿವರತ್ನಮ್ಮ ಮತ್ತೆ ನಲವತ್ತು ಮನೆ ಸುತ್ತಿದಳು. ಈ ಸಲ ಕೇಳಿದ್ದು ಒಂದೇ ಮಾತು: ಹರಳೆಣ್ಣೆ ಕುಡಿಸಿದಿರಾ? ಭೇದಿಯಾದ ಹದಿನಾಲ್ಕೂ ಮಕ್ಕಳಿಗೆ ಅಜ್ಜಿಯರು ಕುಡಿಸಿದ್ದರು. ಸೂಜಿ ಬಿದ್ದೂ ಎಣ್ಣೆ ಕುಡಿಯದ ಆರು ಮಕ್ಕಳು ಗಟ್ಟಿಯಾಗಿದ್ದವು. ಸೂಜಿಯನ್ನೇ ಕಾಣದೆ ಭೇದಿಯಾದ ಆ ಮೂವರೂ ಎಣ್ಣೆ ಕುಡಿದವರೇ. ಎತ್ತಿಗೆ ಜ್ವರ, ಎಮ್ಮೆಗೆ ಬರೆ! ಅವಳಿಗೆ ದಾರಿಯಲ್ಲೇ ನಗು ಬಂತು.

ಮತ್ತೆ ಜಗಲಿಗೆ ಬಂದು ಹೇಳಿದ್ದನ್ನೆಲ್ಲ ಕೇಳಿ ಗುರುಮಲ್ಲಪ್ಪ "ನೋಡಾನ" ಎಂದು ಒಳಗೆದ್ದು ಹೋದ. ಮಕ್ಕಳು ಬರುತ್ತಾರೋ ಇಲ್ಲವೋ ತಿಳಿಯದೆಯೇ ಭಾನುವಾರ ಅವಳು ಸೂಜಿ, ಮದ್ದು ಜೋಡಿಸಿಟ್ಟಳು.

ಸೋಮವಾರ ಚಾವಡಿಯಲ್ಲಿ ಸೂಜಿ ಕುದಿಸುತ್ತಿದ್ದಾಗ ಮೊದಲು ಬಂದವನು ಅವನೇ. ಕಂಕುಳಲ್ಲಿ ಒಂದು ಸಲವೂ ಸೂಜಿ ಕಾಣದ ಮೊಮ್ಮಗಳು, ಹಿಂದೆ ಅರ್ಧ ಊರು.

"ಸೂಜಿ ಆಕಿ ನರ್ಸಮ್ಮಾರೇ. ಎಲ್ಡು ದಿನ ಯಾವ ಮನೇಲೂ ಎಣ್ಣೆ ಕುಡಿಸ್ಬಾರ್ದು ಅಂತ ಏಳಿವ್ನಿ."

"ನನ್ನ ಮಾತು ನಂಬಿದ್ರಾ ಯಜಮಾನ್ರೇ?"

"ತಾನೇ ಸರೀಂತ ತೋರ್ಸೋ ಲೆಕ್ಕಾವ ಯಾರಾದ್ರೂ ತತ್ತಾರೆ. ಆವತ್ತು ನಿಮ್ಗೇ ಸೋಲಾಗೋ ಲೆಕ್ಕಾವ ತಂದು ನನ್ ಮುಂದೆ ಇಟ್ರಲ್ಲ, ಅದ್ಕೇ ನಂಬ್ದೆ" ಎಂದು ಅವನು ಮೊಮ್ಮಗಳ ತೋಳಿನ ಅಂಗಿಯನ್ನು ಮೇಲಕ್ಕೆ ಸರಿಸಿದ.