ಮುಚ್ಚಳವಿಲ್ಲದ ಡಬ್ಬಿ

ಮಣ್ಣು ಪರೀಕ್ಷೆಯ ಲ್ಯಾಬಿನ ಹಿರಿಯನಿಗೆ ಆಫೀಸಿನಲ್ಲಿ ‘ಮಣ್ಣಪ್ಪ’ ಎಂದೇ ಹೆಸರು. ಮೂವತ್ತು ವರ್ಷ ಪಳಗಿದ ಕೈ, ತಪ್ಪುವುದುಂಟೇ? ತಪ್ಪಿತು, ನೋಡಿ!

ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸಿದರೆ ಆಘಾತದ ಅಲೆ ನೆಲದಲ್ಲಿ ಎಷ್ಟು ದೂರ ಓಡುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುವವಳು ಅವನ ನಾದಿನಿ. ಒಣ ಮರಳು ಅಲೆಯನ್ನು ನುಂಗಿಬಿಡುತ್ತದೆ, ನೀರು ಕುಡಿದ ಮಣ್ಣು ದೂರಕ್ಕೆ ದಾಟಿಸುತ್ತದೆ. ಮಣ್ಣಲ್ಲಿ ನೀರೆಷ್ಟು ಎಂದು ಮಣ್ಣಪ್ಪ ಕೊಡುವ ಅಂಕಿಯೇ ಅವಳಿಗೆ ಆಧಾರ.

ಆ ಸಲ ಅವನು ಕ್ವಾರಿ ಹತ್ತಿರದ ಹೊಳೆ ಪಕ್ಕ ಗುಂಡಿ ಅಗೆದು ತಂದ ಮಣ್ಣಿನ ಡಬ್ಬಿಗೆ ಮುಚ್ಚಳ ಹಾಕುವುದನ್ನೇ ಮರೆತ. ಕಿಟಕಿಯ ಬಿಸಿಲಲ್ಲಿ ಮಣ್ಣು ಐದು ದಿನ ಒಣಗಿತು. ಗುಂಡಿಯ ಬಳಿ ಆರುನೂರ ಹನ್ನೆರಡು ಗ್ರಾಂ ತೂಗಿದ್ದು ಲ್ಯಾಬಿನಲ್ಲಿ ಐನೂರ ನಲವತ್ತಾಗಿತ್ತು. ಎರಡು ತೂಕ ಹೊಂದದಿದ್ದರೆ ಹೊಸ ಮಣ್ಣು ತರಬೇಕೆಂಬುದು ನಿಯಮ; ಮತ್ತೆ ಅಷ್ಟು ದೂರ ಹೋಗಿ ಯಾರು ಅಗೆಯುತ್ತಾರೆ? ರಿಜಿಸ್ಟರಿನಲ್ಲಿ ಹಳೆಯ ತೂಕ ಅಳಿಸಿ ಹೊಸದನ್ನೇ ಬರೆದ.

“ಭಾವ, ಹೊಳೆ ಪಕ್ಕದ ಮಣ್ಣು ಇಷ್ಟು ಒಣಗಿರುತ್ತಾ?” ಎಂದು ನಾದಿನಿ ಕೇಳಿದ್ದಳು.

“ನಿನ್ನೆ ಮೊನ್ನೆ ಬಂದೋಳು ನಂಗೇ ಮಣ್ಣು ಕಲಿಸ್ತೀಯಾ?” ಎಂದು ಬಾಯಿ ಮುಚ್ಚಿಸಿದ್ದ.

ಇನ್ನೂರು ಅಡಿಗೆಲ್ಲ ಅಲೆ ಸತ್ತುಹೋಗುತ್ತದೆ ಎಂದಿತು ಕಂಪ್ಯೂಟರು. ಮದ್ದು ಸಿಡಿಸಿದಾಗ ಸಾಯಲಿಲ್ಲ. ಆರುನೂರು ಅಡಿ ಆಚೆಯ ಶಿಶುವಿಹಾರದ ಗೋಡೆ ಬುಡದಿಂದ ಸೂರಿನ ತನಕ ಸೀಳಿತು. ಮಕ್ಕಳು ಹೊರಗೆ ಆಡುತ್ತಿದ್ದವು, ಪುಣ್ಯ.

ಮೀಟಿಂಗಿನಲ್ಲಿ ಮ್ಯಾನೇಜರು ನಾದಿನಿಯ ಮೇಲೆ ಎಗರಾಡಿದರು. “ನಿಮ್ಮ ಪ್ರೋಗ್ರಾಮೇ ಸರಿಯಿಲ್ಲ. ನಾಳೆಯಿಂದ ಬರೋದು ಬೇಡ.”

“ಸಾಲು ಸಾಲೂ ನೋಡಿದೆ ಸರ್, ತಪ್ಪು ಸಿಗ್ತಾನೇ ಇಲ್ಲ,” ಎಂದಳು. ಅವಳ ಕಣ್ಣು ಊದಿಕೊಂಡಿದ್ದವು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮಣ್ಣಪ್ಪ ಚಡಪಡಿಸಿದ. ನಾಚಿಕೆಗೆ ಕಿವಿ ಸುಡುತ್ತಿತ್ತು. ಮರೆವೊಂದನ್ನೇ ಒಪ್ಪಿಕೊಂಡು ಪಾರಾಗೋಣ ಎಂದುಕೊಂಡ.

“ತಪ್ಪು ನಂದು ಸರ್. ಡಬ್ಬಿಗೆ ಮುಚ್ಚಳ ಹಾಕಿರಲಿಲ್ಲ.”

ಮ್ಯಾನೇಜರು ನಕ್ಕೇಬಿಟ್ಟರು. “ನಾದಿನಿ ಮೇಲೆ ಅಕ್ಕರೆ ಇರ್ಲಿ, ಅದಕ್ಕೆ ಸುಳ್ಳು ಹೇಳ್ಬೇಡಿ. ನಿಮ್ಮ ಕೈ ತಪ್ಪೋದು ಅಂದ್ರೇನು!”

ಗಳಿಸಿದ ಹೆಸರೇ ಅಡ್ಡ ನಿಂತಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎದ್ದು ಲ್ಯಾಬಿಗೆ ಹೋಗಿ ರಿಜಿಸ್ಟರ್ ತಂದ. ಆ ಪುಟವನ್ನು ಬೆಳಕಿಗೆ ಹಿಡಿದ. ಉಜ್ಜಿದ ಜಾಗದಲ್ಲಿ ಹಳೆಯ ಅಂಕಿ ಇನ್ನೂ ಕಾಣುತ್ತಿತ್ತು, ಅವನದೇ ಅಕ್ಷರ.

ಮ್ಯಾನೇಜರ ನಗು ನಿಂತಿತು. “ಮೂವತ್ತು ವರ್ಷದ ಮಾನ ಮಣ್ಣುಪಾಲು ಮಾಡ್ಕೊಂಡ್ರಲ್ರೀ!”

ನಾದಿನಿ ಬಯ್ಯಲಿಲ್ಲ, ಅಳಲಿಲ್ಲ. ಪುಟವನ್ನು ಹತ್ತಿರ ಎಳೆದುಕೊಂಡು ಪೆನ್ನು ತೆಗೆದಳು. ಮಣ್ಣಪ್ಪನ ಕಡೆ ತಿರುಗಿ ಕೇಳಿದಳು:

“ಆರುನೂರ ಹನ್ನೆರಡು ತಾನೇ, ಸರ್?”

ಅಕ್ಕನ ಮದುವೆಯಾದ ಮೇಲೆ ಅವಳು ಅವನನ್ನು ಭಾವ ಎನ್ನದೆ ಕರೆದದ್ದು ಅದೇ ಮೊದಲು.