ನಾಲ್ಕನೇ ಗೂಡಿಗೆ ಹೆಸರಿಲ್ಲ

ತೆರೆಯ ಮೇಲೆ ಚಿಟ್ಟೆಯ ರೆಕ್ಕೆ ಬೆಳೆಯುತ್ತಿತ್ತು. ಮೊದಲು ಬರೀ ಬೂದು ಬಣ್ಣದ ಪೊರೆ. ಆಮೇಲೆ ಅದರ ಮೇಲೆ ಸಾಲುಸಾಲಾಗಿ ಮೊಳಕೆಯಂಥ ಚುಕ್ಕೆಗಳು. ಆ ಚುಕ್ಕೆಗಳೇ ಉದ್ದವಾಗಿ, ಚಪ್ಪಟೆಯಾಗಿ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮಲಗಿ ಹುರುಪೆಗಳಾದವು. ಪೊರೆಯೊಳಗೆ ರಕ್ತದ ಕಣಗಳು ಜಾಗ ಬದಲಿಸುತ್ತಿದ್ದವು. ಚಿತ್ರ ಸದಾ ಸಣ್ಣಗೆ ನಡುಗುತ್ತಲೇ ಇತ್ತು.

ಆಮೇಲೆ ತೆರೆ ಕಪ್ಪಾಯಿತು.

"ಏನಾಯ್ತು?" ಎಂದರು ಪ್ರೊಫೆಸರ್ ತೆಲೆಸ್.

"ಗೂಡು ಹೊರಳಿತು, ಸರ್," ಎಂದಳು ಜಸಿಂತಾ. "ಕಿಟಕಿ ಆ ಕಡೆ ತಿರುಗಿಬಿಡ್ತು. ನಾನು ನೋಡಿ ಸರಿಮಾಡೋ ಹೊತ್ತಿಗೆ ಅರ್ಧ ದಿನ ಹೋಗಿತ್ತು."

ಕಂಬಳಿಹುಳು ಗೂಡಾದ ಕೂಡಲೇ, ಚಿಪ್ಪು ಇನ್ನೂ ಮೆತ್ತಗಿರುವಾಗ, ರೆಕ್ಕೆಯ ಮೇಲಿನ ಸಿಪ್ಪೆಯನ್ನು ಅಕ್ಕಿಕಾಳಿನಷ್ಟು ಬಿಡಿಸಿ, ಆ ಜಾಗಕ್ಕೆ ಕಿಟಕಿಯ ಹಾಗೆ ಗಾಜಿನ ಚೂರು ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗೆ ಮಲಗಿಸುವುದು ಜಸಿಂತಾಳ ಕೆಲಸ. ಕುಯಿಂಬ್ರಾ ಊರಿನ ಗುಡ್ಡದ ಮೇಲಿನ ಆ ಪ್ರಯೋಗಾಲಯಕ್ಕೆ ಡಾಕ್ಟರೇಟ್ ಮಾಡಲು ಬಂದಾಗಿನಿಂದ ಅವಳು ಮಾಡಿದ್ದು ಇದೊಂದೇ. ಹೆಚ್ಚಿನ ಗೂಡುಗಳು ಒಣಗಿ ಹೋಗುತ್ತಿದ್ದವು. ಈಗ ತೆರೆಯ ಮೇಲಿದ್ದ ಏಳನೆಯದು ಮಾತ್ರ ಗಾಜಿನ ಕೆಳಗೇ ಬೆಳೆದು, ಒಡೆದು, ಚಿಟ್ಟೆಯಾಗಿ ಹೊರಗೆ ಬಂದಿತ್ತು. ಗಾಜು ಅಂಟಿದ್ದ ಕಡೆ ಅದರ ರೆಕ್ಕೆಯ ಮೇಲೆ ಮಾಸಲು ಕಲೆ ಉಳಿದಿತ್ತು, ಹಾರುವಾಗ ಒಂದು ಪಕ್ಕಕ್ಕೆ ವಾಲುತ್ತಿತ್ತು, ಆದರೂ ಹಾರುತ್ತಿತ್ತು.

ಹುಳುಗಳನ್ನು ಸಾಕುವ ದೋನಾ ಬೆಲ್ಮೀರಾ ಅಲ್ಲಿ ಒಂದು ರೂಢಿ ಇಟ್ಟಿದ್ದಳು. ಗೂಡುಗಳಿಗೆ ಬರೀ ಸಂಖ್ಯೆ. ಬದುಕಿ ಹೊರಗೆ ಬಂದದ್ದಕ್ಕೆ ಮಾತ್ರ ಹೆಸರು, ಅದೂ ಆ ದಿನ ಪಂಚಾಂಗದಲ್ಲಿ ಯಾವ ಸಂತರ ಹಬ್ಬವೋ ಅವರದ್ದು. ಏಳನೆಯದು ಸಂತ ಎಂಗ್ರಾಸಿಯಾಳ ದಿನ ಬಂತು.

"ಸರಿಯಾದ ಹೆಸರೇ ಬಿತ್ತು ಬಿಡು," ಎಂದು ಫೌಸ್ಟೊ ಆಗಲೇ ಕಾಲೆಳೆದಿದ್ದ. "ಎಂಗ್ರಾಸಿಯಾ ಚರ್ಚು ಕಟ್ಟಿ ಮುಗಿಸೋಕೆ ಮುನ್ನೂರು ವರ್ಷ ಹಿಡೀತು. ನಿನ್ ಡಾಕ್ಟರೇಟೂ ಅಷ್ಟೇ." ಪ್ರಯೋಗಾಲಯದಲ್ಲಿ ಚಿತ್ರಗಳನ್ನು ಜೋಡಿಸಿ ಫಿಲ್ಮು ಮಾಡುವುದು ಅವನ ಕೆಲಸ, ಎಲ್ಲರನ್ನೂ ಗೇಲಿ ಮಾಡುವುದು ಅವನ ಅಭ್ಯಾಸ.

ಪ್ರೊಫೆಸರ್ ತೆಲೆಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಶುಕ್ರವಾರ ನಮಗೆ ಹಣ ಕೊಡೋ ಸಂಸ್ಥೆಯವರು ಬರ್ತಾರೆ. ಅವರಿಗೆ ಕತ್ತಲು ತೋರಿಸೋಕಾಗತ್ತಾ? ನಾಲ್ಕನೇ ಗೂಡಿನ ಚಿತ್ರಗಳಿವೆಯಲ್ಲ, ಎಷ್ಟು ಚೆನ್ನಾಗಿವೆ. ಒಂದಿಷ್ಟೂ ಅಲುಗಾಡಿಲ್ಲ. ಅದರ ತುಂಡು ಇಲ್ಲಿ ಸೇರಿಸಿ."

"ನಾಲ್ಕು ಬಲರೆಕ್ಕೆ ಸರ್," ಎಂದ ಫೌಸ್ಟೊ. "ಕನ್ನಡಿ ಹಿಡಿದ ಹಾಗೆ ತಿರುಗಿಸಿದ್ರೆ ಎಡ ಆಗತ್ತೆ. ಯಾರಿಗೂ ಗೊತ್ತಾಗಲ್ಲ."

"ನಾಲ್ಕು ಸತ್ತುಹೋಯ್ತು," ಎಂದಳು ಜಸಿಂತಾ.

"ಆಮೇಲೆ ಸತ್ತಿರಬಹುದು. ಚಿತ್ರ ತೆಗೆಯುವಾಗ ಇತ್ತಲ್ಲ."

"ಇರಲಿಲ್ಲ ಸರ್. ಅದಕ್ಕೇ ಅಲುಗಾಡಿಲ್ಲ. ರಕ್ತದ ಕಣ ನೋಡಿ, ಇದ್ದಲ್ಲೇ ಇವೆ. ದೀಪದ ಬಿಸಿ ಜಾಸ್ತಿಯಾಗಿ ಬೆಂದುಹೋಗಿತ್ತು. ಆ ದಿನ ನನಗೂ ಗೊತ್ತಾಗಲಿಲ್ಲ. ಎಷ್ಟು ಚೆನ್ನಾಗಿ ಹಿಡಿದೆ ಅಂತ ಖುಷಿಪಟ್ಟಿದ್ದೆ."

ಪ್ರೊಫೆಸರರು ತಿದ್ದಿಕೊಳ್ಳುವವರಾಗಿರಲಿಲ್ಲ. ನಾಲ್ಕನೆಯದರ ಚಿತ್ರವನ್ನು ಅವರು ಆಗಲೇ ಎರಡು ಊರುಗಳ ಸಭೆಯಲ್ಲಿ ತೋರಿಸಿ, ನಮ್ಮಷ್ಟು ಸ್ಥಿರವಾಗಿ ಯಾರೂ ಹಿಡಿದಿಲ್ಲ ಎಂದು ಹೇಳಿಕೊಂಡು ಬಂದಿದ್ದರು.

"ನೋಡಮ್ಮ," ಎಂದರು, ದನಿ ಏರಿಸದೆ. "ರೆಕ್ಕೆ ರೆಕ್ಕೆನೇ. ಫೌಸ್ಟೊ ಜೋಡಿಸ್ತಾನೆ, ನೀನು ತೋರಿಸ್ತೀಯ. ಇಲ್ಲ ಅಂದ್ರೆ ಸೋಮವಾರದಿಂದ ಆ ಸೂಕ್ಷ್ಮದರ್ಶಕದ ಮುಂದೆ ಬೇರೆಯವರು ಕೂರ್ತಾರೆ. ನಿನ್ನ ಡಾಕ್ಟರೇಟು ಅದರ ಮೇಲೇ ನಿಂತಿದೆ, ಮರೀಬೇಡ."

ಜಸಿಂತಾ ಎದ್ದು ಹುಳುಗಳ ಕೋಣೆಗೆ ಹೋದಳು.

ಅಲ್ಲಿ ಬಿಸಿ, ತೇವ, ಹುಳುಗಳ ಮೇವಿಗೆ ಬೆಳೆಸಿದ ಜೋಳದ ಎಲೆಯ ವಾಸನೆ. ಬೆಲ್ಮೀರಾ ಕುಂಡಗಳಿಗೆ ನೀರು ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಕಿಬಿಡು ಮಗಳೇ," ಎಂದಳು ಕೊನೆಗೆ. "ಅರ್ಧ ದಿನದ ಚಿತ್ರ. ಅಷ್ಟಕ್ಕೆ ಅನ್ನ ಕಳ್ಕೋತಾರಾ?"

"ನೀವೇ ನಾಲ್ಕಕ್ಕೆ ಹೆಸರಿಡಲಿಲ್ಲ."

"ನಾನು ಹೆಸರಿಡೋದು ನನ್ ಹುಚ್ಚು. ಅದಕ್ಕೆ ನೀನ್ಯಾಕೆ ಹಟ ಹಿಡೀತೀಯ?"

"ಎಂಗ್ರಾಸಿಯಾಳ ಮೈಗೆ ಹೆಣದ ತುಂಡು ಹೊಲೀಬೇಕಂತೆ, ದೋನಾ ಬೆಲ್ಮೀರಾ. ಅವಳು ಬದುಕಿದ್ದೇ ನಮಗೆ ದೊಡ್ಡದು. ಅದನ್ನೇ ಸುಳ್ಳು ಮಾಡಲಾ?"

ಬೆಲ್ಮೀರಾ ಚೀಲದಿಂದ ಜೋಳದ ರೊಟ್ಟಿಯ ತುಂಡು ಮುರಿದು ಅವಳ ಕೈಗಿಟ್ಟಳು. "ತಿನ್ನು. ಖಾಲಿ ಹೊಟ್ಟೇಲಿ ಹಟ ಮಾಡಬಾರದು," ಎಂದಳು.

ಶುಕ್ರವಾರ ಬೆಳಿಗ್ಗೆ ಲಿಸ್ಬನ್ನಿನಿಂದ ಸಂಸ್ಥೆಯವರು ಬಂದರು. ಅವರ ಮುಖ್ಯಸ್ಥೆ ನರೆಗೂದಲಿನ ಎತ್ತರದ ಹೆಂಗಸು, ಹೆಸರು ಗ್ರಾಸಿಂದಾ. ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಪ್ರೊಫೆಸರರು ಒಳ್ಳೆಯ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಅವಳ ಪಕ್ಕ ಕೂತರು.

ಕಂಪ್ಯೂಟರಿನಲ್ಲಿ ಎರಡು ಫಿಲ್ಮುಗಳಿದ್ದವು. ಒಂದು ಫೌಸ್ಟೊ ಜೋಡಿಸಿದ್ದು. ಅವನು ಒಳ್ಳೆಯ ಕೆಲಸಗಾರ, ಹೊಲಿಗೆ ಎಲ್ಲೂ ಕಾಣುತ್ತಿರಲಿಲ್ಲ. ಜಸಿಂತಾ ಅದನ್ನು ಅಳಿಸಿಹಾಕಿದಳು. ಆಮೇಲೆ ತನ್ನದನ್ನು ತೆರೆದಳು.

ಚುಕ್ಕೆಗಳು ಮೊಳೆತವು, ಹುರುಪೆಗಳು ಎದ್ದವು. "ಅಬ್ಬ," ಎಂದಳು ಗ್ರಾಸಿಂದಾ ತನಗೆ ತಾನೇ. ಅಷ್ಟರಲ್ಲಿ ತೆರೆ ಕಪ್ಪಾಯಿತು, ಕಪ್ಪಾಗಿಯೇ ಇತ್ತು. ಮುಂದಿನ ಸಾಲಿನಲ್ಲಿ ಪ್ರೊಫೆಸರರ ಕುರ್ಚಿ ಕಿರುಗುಟ್ಟಿತು.

"ಜಸಿಂತಾ, ತಪ್ಪು ಫೈಲು," ಎಂದರು ಅವರು.

"ಇದೇ ಫೈಲು ಸರ್."

"ಕೆಟ್ಟುಹೋಯ್ತಾ?" ಗ್ರಾಸಿಂದಾ ತಿರುಗಿ ಕೇಳಿದಳು.

"ಇಲ್ಲ. ಗೂಡು ಹೊರಳಿತು. ಜೀವ ಇರೋದು ಹೊರಳತ್ತೆ. ಈ ಹೊತ್ತಲ್ಲಿ ರೆಕ್ಕೆ ಏನು ಮಾಡ್ತೋ ನಮಗೆ ಗೊತ್ತಿಲ್ಲ. ಅದಕ್ಕೇ ಕತ್ತಲು."

ಕೋಣೆಯಲ್ಲಿ ಯಾರೋ ಕೆಮ್ಮಿದರು. ಕತ್ತಲು ಮುಗಿಯುವವರೆಗೆ ಎಲ್ಲರೂ ಕತ್ತಲನ್ನೇ ನೋಡಿದರು. ಅವಳು ಅದನ್ನು ಒಂದು ಚೂರೂ ಮೊಟಕು ಮಾಡಿರಲಿಲ್ಲ. ರೆಕ್ಕೆ ಮತ್ತೆ ಕಾಣಿಸಿದಾಗ ಹುರುಪೆಗಳಿಗೆ ಬಣ್ಣ ಇಳಿಯುತ್ತಿತ್ತು.

ಮುಗಿದ ಮೇಲೆ ಗ್ರಾಸಿಂದಾ ಅವಳ ಹತ್ತಿರ ಬಂದು, "ಊಟಕ್ಕೆ ನನ್ನ ಪಕ್ಕ ಕೂತ್ಕೋ. ಕೇಳೋದು ತುಂಬಾ ಇದೆ," ಎಂದು ಹೇಳಿ ಉಳಿದವರ ಜೊತೆ ಕೆಳಗಿಳಿದಳು.

ಪ್ರೊಫೆಸರರು ಬಾಗಿಲು ಹಾಕಿದರು. ಒಳಗೆ ಅವರು, ಫೌಸ್ಟೊ, ಅವಳು.

"ಫೌಸ್ಟೊ ಮಾಡಿದ್ದು ಎಲ್ಲಿ?"

"ಅಳಿಸಿಬಿಟ್ಟೆ."

"ಲೇ," ಎಂದ ಫೌಸ್ಟೊ. "ವಾರವೆಲ್ಲ ಕೂತು ಮಾಡಿದ್ದು ಕಣೇ ಅದು."

"ಮತ್ತೆ ಮಾಡ್ತಾನೆ," ಎಂದರು ಪ್ರೊಫೆಸರರು. "ಅವರಿಗೆ ತೋರಿಸಿದ್ದು ಕಚ್ಚಾ ಫಿಲ್ಮು ಅಂತ ನಾನು ಹೇಳ್ಕೋತೀನಿ. ವಿಜ್ಞಾನ ಪತ್ರಿಕೆಗೆ ಹೋಗೋದು ಜೋಡಿಸಿದ್ದೇ. ಸೋಮವಾರದಿಂದ ನೀನು ಜೋಳಕ್ಕೆ ನೀರು ಹಾಕು. ಅಲ್ಲಿ ಏನೂ ಹೊರಳಲ್ಲ."

ಫೌಸ್ಟೊ ಈ ಮಾತಿಗೆ ನಗಲಿಲ್ಲ. "ಎರಡನೇ ಸಲ ಮಾಡೋದೇನು ದೊಡ್ಡದಲ್ಲ ಸರ್," ಎಂದ ಮೆಲ್ಲಗೆ, ಜಸಿಂತಾಳ ಕಡೆ ನೋಡದೆ.

ಹಾಗಾದರೆ ಅಳಿಸಿದ್ದರಿಂದ ಏನೂ ಆಗಲಿಲ್ಲ ಎಂದು ಜಸಿಂತಾಳಿಗೆ ಅರ್ಥವಾಯಿತು. ಇನ್ನು ಉಳಿದದ್ದು ಅವಳಿಗೆ ಎಂದೂ ಬಾರದ ಕೆಲಸ, ಹತ್ತು ಜನರ ನಡುವೆ ಬಾಯಿ ಬಿಡುವುದು.

"ಮಾಡಿ," ಎಂದಳು. "ನಾನು ಊಟಕ್ಕೆ ಹೋಗ್ತೀನಿ. ಕರೆದಿದ್ದಾರೆ."

"ಜಸಿಂತಾ."

ಅವಳು ನಿಲ್ಲಲಿಲ್ಲ. ಮೆಟ್ಟಿಲುಗಳಲ್ಲಿ ಹಿಂದಿನಿಂದ ಅವರ ಬೂಟಿನ ಸದ್ದು ಕೇಳುತ್ತಿತ್ತು, ಮೊದಲು ನಿಧಾನಕ್ಕೆ, ಆಮೇಲೆ ಬೇಗಬೇಗ. ಕೆಳಗಿನ ಕೋಣೆಯಲ್ಲಿ ಸೊಪ್ಪಿನ ಸೂಪು ಬಡಿಸುತ್ತಿದ್ದರು. ಗ್ರಾಸಿಂದಾ ಅವಳನ್ನು ನೋಡಿ ಪಕ್ಕದ ಕುರ್ಚಿ ಎಳೆದಳು. ಜಸಿಂತಾ ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆನೆಂದು ಅವಳಿಗೆ ಗೊತ್ತಿತ್ತು. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಪ್ರೊಫೆಸರರು ಬಾಗಿಲಿಗೆ ಬಂದಿದ್ದರು.

"ನಾಲ್ಕನೇ ಗೂಡು ಅಂತ ಒಂದಿದೆ," ಎಂದಳು, ಬಾಗಿಲವರೆಗೂ ಕೇಳುವಷ್ಟು ಗಟ್ಟಿಯಾಗಿ. "ಅದರ ಚಿತ್ರ ನೀವು ಎಲ್ಲಾದರೂ ನೋಡಿರಬಹುದು. ಅದು ಸತ್ತದ್ದು ಹೇಗೆ ಅಂತ ಹೇಳ್ತೀನಿ, ಕೇಳಿ."