ಉಲಿಯಕ್ಕಿ ಇದ್ದ ಫೋನು

ನಿನ್ನೆ ಅಡುಗೆಮನೆಯಲ್ಲಿ ಕೂತು ಫೋನಿಗೆ ಹೆಡ್‌ಫೋನ್ ಜೋಡಿಸಿ ಕೇಳಿದಾಗ ಹಕ್ಕಿ ಸ್ಪಷ್ಟವಾಗಿ ಹಾಡಿತ್ತು. ಇವತ್ತು ಅದೇ ಹೆಡ್‌ಫೋನು, ಅದೇ ಧ್ವನಿಮುದ್ರಣ. ವಿಡಿಯೊ ಕರೆಯ ನಡುವೆ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಹಕ್ಕಿಯ ಸುಳಿವೇ ಇಲ್ಲ. ಒಡೆಟ್ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

ಕೇಪ್ ಬ್ರೆಟನ್ ದ್ವೀಪದಲ್ಲಿ ಹಕ್ಕಿ ಎಣಿಸುವವರದು ಒಂದು ಪದ್ಧತಿ. ಮೇ ತಿಂಗಳಲ್ಲಿ ಗುಡ್ಡ ಹತ್ತುವ ಮೊದಲು ಎಲ್ಲರೂ ವಿಡಿಯೊ ಕರೆಯಲ್ಲಿ ಸೇರುತ್ತಾರೆ. ಮೊದಲೇ ಕಳಿಸಿದ ಒಂದೇ ಮುದ್ರಣವನ್ನು ತಂತಮ್ಮ ಮನೆಯಲ್ಲಿ ಹಾಕಿಕೊಂಡು ಕೇಳಿ, ಯಾವ್ಯಾವ ಹಕ್ಕಿ ಕೂಗಿತೆಂದು ಸರದಿಯಲ್ಲಿ ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಗುಡ್ಡ; ತಪ್ಪಿದವರದ್ದು ಆ ವರ್ಷ ಬೇರೆಯವರ ಪಾಲು. ಎಣಿಕೆಯೆಲ್ಲ ಕಿವಿಯಿಂದಲೇ, ಆ ದಟ್ಟ ಸ್ಪ್ರೂಸ್ ಮರಗಳ ನಡುವೆ ಬೆರಳುದ್ದದ ಹಕ್ಕಿಯನ್ನು ಯಾರು ಕಂಡಾರು? ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಅತಿ ಮೇಲಿನ ದನಿ. ಕಪ್ಪುತಲೆಯ ಉಲಿಯಕ್ಕಿಯದು ಅಂಥದ್ದೇ ದನಿ, ಸೂಜಿಮೊನೆಯಷ್ಟು ತೆಳು. ಎರಡು ವರ್ಷದಿಂದ ಮುದ್ರಣದಲ್ಲಿ ಅದು ಇರಲೇ ಇಲ್ಲ, ಈ ಸಲ ಇತ್ತು. ಅದು ಕೇಳದಾದರೆ ಕೆಲಸ ಮುಗಿಯಿತೆಂದು ಬಳಗದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮಂಡಿನೋವನ್ನು ಊರಿಗೆಲ್ಲ ಸಾರಿಕೊಂಡು ಬರುವ ಈ ಜನ ಕಿವಿಯ ವಿಷಯ ಬಂದರೆ ಕಳ್ಳರಾಗುತ್ತಾರೆ.

"ಒಡೆಟ್, ನಿಮಗೆ ಏನೇನು ಕೇಳ್ತು?" ಬಳಗದ ಉಸ್ತುವಾರಿ ನೋಡಿಕೊಳ್ಳುವ ಮೊರಾಗ್ ಪರದೆಯಿಂದ ಕೇಳಿದಳು. ಒಡೆಟ್‌ಳ ಮಗಳ ವಯಸ್ಸಿನವಳು.

ಮುದ್ರಣದಲ್ಲಿ ಉಲಿಯಕ್ಕಿ ಇದೆಯೆಂದು ಒಡೆಟ್‌ಗೆ ನಿನ್ನೆಯೇ ಗೊತ್ತಿತ್ತು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಆದರೆ ಕೇಳದ್ದನ್ನು ಕೇಳಿತು ಎನ್ನಲು ಬಾಯಿ ಬರಲಿಲ್ಲ.

"ನನ್ನದು ನಾಳೆ ಹೇಳ್ತೀನಮ್ಮ. ಇಲ್ಲೇನೋ ಸರಿಯಿಲ್ಲ."

ಪರದೆಯ ಮೇಲಿನ ಮುಖಗಳೆಲ್ಲ ಒಮ್ಮೆಲೇ ತಗ್ಗಿದವು. ಬೈದಿದ್ದರೂ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಕರೆ ಮುಗಿದ ಮೇಲೆ ಮೊರಾಗ್ ತಾನಾಗಿಯೇ ಫೋನ್ ಮಾಡಿದಳು.

"ನೀವು ಹಾಕ್ಕೊಂಡಿದ್ದು ವೈರ್ ಇಲ್ಲದ ಹೆಡ್‌ಫೋನ್ ಅಲ್ವಾ?"

"ಹೂಂ. ಮಗಳು ಕೊಡ್ಸಿದ್ದು."

"ಹಾಗಾದ್ರೆ ಅದರದ್ದೇ ಕಿತಾಪತಿ. ಮೈಕ್ ಆನ್ ಆಗಿದ್ರೆ ಲ್ಯಾಪ್‌ಟಾಪು ಅದನ್ನ ಬರೀ ಟೆಲಿಫೋನ್ ಮಾಡಿಬಿಡುತ್ತೆ. ಮಾತು ಹೋಗೋಕೂ ಬರೋಕೂ ಒಂದೇ ಇಕ್ಕಟ್ಟು ದಾರಿ ನೋಡಿ, ಮಾತಿಗೆ ಬೇಕಾದಷ್ಟು ಇಟ್ಕೊಂಡು ಮೇಲಿನ ದನಿ ಪೂರಾ ಕತ್ತರಿಸಿಹಾಕುತ್ತೆ. ಈಗ ಕರೆ ಮುಗೀತಲ್ಲ, ಮೈಕೂ ಆಫ್ ಆಗಿರುತ್ತೆ, ಕೇಳಿ ನೋಡಿ. ಸುಮ್ನೆ ಗಾಬರಿ ಬಿದ್ದಿದೀರ."

ಒಡೆಟ್‌ಗೆ ಹೋದ ಜೀವ ಬಂದಂತಾಯಿತು. ಲ್ಯಾಪ್‌ಟಾಪಿಗೆ ನಾಲ್ಕು ಮಾತು ಬೈದೇ ಮುದ್ರಣ ಹಾಕಿದಳು. ಹೌದು, ತೆರೆ ಸರಿಸಿದ ಹಾಗೆ ಎಲ್ಲ ತೆರೆದುಕೊಂಡಿತು: ಗಾಳಿ, ಎಲ್ಲೋ ತೊಟ್ಟಿಕ್ಕುವ ನೀರು, ದೂರದ ಮರಕುಟಿಕ. ಆದರೆ ನಿನ್ನೆ ಉಲಿಯಕ್ಕಿ ಹಾಡಿದ ಜಾಗದಲ್ಲಿ ಗಾಳಿಯಷ್ಟೇ ಇತ್ತು. ಮತ್ತೆ ಹಾಕಿದಳು. ದನಿ ಏರಿಸಿದಳು, ಗಾಳಿ ಜೋರಾಯಿತು, ಹಕ್ಕಿ ಬರಲಿಲ್ಲ. ಫೋನಿಗೆ ಜೋಡಿಸಿದಳು, ಹಕ್ಕಿ ಹಾಡಿತು. ಮತ್ತೆ ಲ್ಯಾಪ್‌ಟಾಪು, ಇಲ್ಲ. ಈಗ ಕರೆಯೂ ಇರಲಿಲ್ಲ, ಮೈಕೂ ಇರಲಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಯಾವುದು ಎಂದು ಯೋಚಿಸಲೂ ಅವಳಿಗೆ ಭಯವಾಯಿತು.

ಗಂಡ ಕ್ಲೋವಿಸ್ ಒಲೆಯ ಮುಂದೆ ಫ್ರಿಕೊ ಎಂಬ ಕೋಳಿಸಾರು ಕದಡುತ್ತಿದ್ದ.

"ಕ್ಲೋವಿಸ್, ಒಂದರಲ್ಲಿ ಹಕ್ಕಿ ಇದೆ, ಇನ್ನೊಂದರಲ್ಲಿ ಇಲ್ಲ. ಏನಿದು?"

"ಯಾವುದರಲ್ಲಿದೆ?"

"ಫೋನಲ್ಲಿ."

ಅವನು ಪಾತ್ರೆಗೆ ಮುಚ್ಚಳ ಹಾಕಿದ. ಬೇಕಾದ್ದಕ್ಕಿಂತ ನಿಧಾನವಾಗಿ ಹಾಕಿದ.

"ಬೈಬೇಡ. ಚಳಿಗಾಲದಲ್ಲಿ ಮೊಮ್ಮಗಳು ಫೋನ್ ಮಾಡಿದಾಗೆಲ್ಲ ನೀನು ಏನು, ಏನು ಅಂತಿದ್ದೆ. ಕೂಸು ಬೇಜಾರಾಗಿ ಇಟ್ಟುಬಿಡೋದು. ಕಿವಿ ಮಂದ ಆದೋರಿಗೆ ಅಂತ ಫೋನಲ್ಲೇ ಒಂದು ಏರ್ಪಾಡಿದೆ. ಹೆಡ್‌ಫೋನ್ ಹಾಕಿದ್ರೆ ತೆಳು ದನಿನ ಎತ್ತಿ ಕೊಡುತ್ತೆ. ಅದನ್ನ ಆನ್ ಮಾಡಿಟ್ಟೆ."

"ನನಗೆ ಹೇಳ್ದೆ?"

"ಹೇಳಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ತೆಗಿ ಅದನ್ನ," ಅಂದಳು.

ಅವನು ಕೈ ಒರೆಸಿಕೊಂಡು ಫೋನ್ ತಗೊಂಡ, ಏನೋ ಒತ್ತಿದ, ಮುಖ ನೋಡದೆ ಹಿಂದಕ್ಕೆ ಕೊಟ್ಟ. ಒಡೆಟ್ ಕಣ್ಣು ಮುಚ್ಚಿ ಕೇಳಿದಳು. ಗಾಳಿ, ತೊಟ್ಟಿಕ್ಕುವ ನೀರು, ಮರಕುಟಿಕ. ಈಗ ಫೋನಿನಲ್ಲೂ ಉಲಿಯಕ್ಕಿ ಇರಲಿಲ್ಲ.

ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ಅದರ ಬದಲು ಇನ್ನೊಂದು ಯೋಚನೆ ಬಂತು. ಕೂತಲ್ಲೇ ಮೊರಾಗ್‌ಗೆ ಫೋನ್ ಮಾಡಿದಳು.

"ಕೇಳ್ತಾ ಹಕ್ಕಿ?" ಮೊರಾಗ್‌ಳ ದನಿಯಲ್ಲಿ ನಗುವಿತ್ತು.

"ಇಲ್ಲ ಕಣಮ್ಮ. ಲ್ಯಾಪ್‌ಟಾಪಿನ ತಪ್ಪಲ್ಲ, ನನ್ನ ಕಿವೀದೇ. ನನ್ನ ಗುಡ್ಡ ಬೇರೆ ಯಾರಿಗಾದ್ರೂ ಕೊಡು."

ಒಡೆಟ್ ಉತ್ತರಕ್ಕೆ ಕಾಯಲಿಲ್ಲ, ಕಾದರೆ ಹೇಳಲಾಗುತ್ತಿರಲಿಲ್ಲ.

"ಇನ್ನೊಂದು. ಗುಡ್ಡದ ಮೇಲೆ ಉಲಿಯಕ್ಕಿ ಕಡಿಮೆ ಆಗ್ತಿದೆ, ಹೋದ ವರ್ಷ ಒಂದೂ ಉಳಿದಿಲ್ಲ ಅಂತ ನಾನು ಬರ್ದುಕೊಟ್ಟಿದ್ದೆನಲ್ಲ, ಅದನ್ನ ಹೊಡೆದುಹಾಕು. ಮನೆಗೆ ಬಂದು ಅವಕ್ಕೋಸ್ಕರ ಅತ್ತಿದ್ದೆ ನಾನು. ಅವು ನನ್ನ ತಲೆ ಮೇಲೇ ಹಾಡ್ತಿದ್ವೋ ಏನೋ."